ಕೌದಿಯ ನಾಲ್ಕನೆಯ ಮೂಲೆ

ಸಂಪಗಾಂವದ ರಾಚವ್ವನ ಹತ್ತಿರ ಕೌದಿ ಹೊಲಿಸುವವರು ಬೈಸಿಕೊಳ್ಳಲು ತಯಾರಾಗಿಯೇ ಬರಬೇಕು. ಗಂಟು ಬಿಚ್ಚಿ, ಹಳೆಯ ಸೀರೆಗಳನ್ನು ಒಂದೊಂದಾಗಿ ಎತ್ತಿ, ಇದು ಯಾರು ಉಟ್ಟದ್ದು, ಅದು ಯಾರದು ಎಂದು ವಿಚಾರಣೆ ನಡೆಸುತ್ತಾಳೆ. ಅಂಗಡಿಯಿಂದ ಹೊಸ ಬಟ್ಟೆ ಕತ್ತರಿಸಿಕೊಂಡು ಬಂದವರ ಕಥೆ ಮುಗಿದಂತೆಯೇ. “ಹೊಸಾ ಅರಬಿಗೆ ಮೈ ಪರಿಚಯ ಇರಂಗಿಲ್ಲ. ಒಯ್ದು ಕಿಡಕಿಗೆ ಪಡದಾ ಮಾಡ್ಕೋರಿ,” ಎಂದು ಗಂಟನ್ನು ತಿರುಗಿ ಕೈಗೆ ಕೊಡುತ್ತಾಳೆ. ಬೈಸಿಕೊಂಡವರು ಮರುವಾರ ಅಜ್ಜಿಯ ಸೀರೆ ಹುಡುಕಿಕೊಂಡು ಮತ್ತೆ ಅವಳ ಕಟ್ಟೆಗೇ ಬರುತ್ತಾರೆ. ಅಂಥ ಸಣ್ಣ ಹೊಲಿಗೆ ಬೈಲಹೊಂಗಲದ ಪೇಟೆಯಲ್ಲಿ ಹುಡುಕಿದರೂ ಸಿಗುವುದಿಲ್ಲ, ಅದು ಅವಳಿಗೂ ಗೊತ್ತು.

ಗಂಡ ಮಡಿವಾಳೆಪ್ಪ ತೀರಿಕೊಂಡಾಗ ಮಗಳು ಮೀನಾಗೆ ಆರು ವರ್ಷ. ಆಗ ಹಿಡಿದ ಸೂಜಿಯನ್ನು ರಾಚವ್ವ ಕೆಳಗಿಟ್ಟಿಲ್ಲ. ಅವಳ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಕೌದಿಯ ಮೂಲೆಯನ್ನು ಬರಿದಾಗಿ ಮುಚ್ಚುತ್ತಿರಲಿಲ್ಲ. ಹೊದ್ದವರ ಹೊಟ್ಟೆ ತುಂಬಿರಲಿ ಎಂದು ನಾಲ್ಕೂ ಮೂಲೆಗೆ ನಾಲ್ಕೈದು ಕಾಳು ಜೋಳ ಇಟ್ಟು ಹೊಲಿಯುತ್ತಿದ್ದಳು. ಮನೆಯ ಕೂಸಿನ ಕೌದಿಯಾದರೆ ಮೂರು ಮೂಲೆಗೆ ಮಾತ್ರ ಜೋಳ. ನಾಲ್ಕನೆಯದರಲ್ಲಿ ಆ ಕೂಸಿನದೇ ಒಣಗಿ ಉದುರಿದ ಹೊಕ್ಕಳ ಬಳ್ಳಿ, ಚಿಕ್ಕ ಬಟ್ಟೆಯ ಗಂಟಿನಲ್ಲಿ. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ತಾಯಿಯ ತಾಯಿಯೂ ಮಾಡುತ್ತಿದ್ದಳಂತೆ.

ಮೀನಾ ದೊಡ್ಡವಳಾದಾಗ ರಾಚವ್ವ ವರ ಹುಡುಕಲು ಹೆಚ್ಚು ದೂರ ಹೋಗಲಿಲ್ಲ. ಮುನವಳ್ಳಿಯ ತನ್ನ ತವರಿನಲ್ಲಿ ಕಿರಿಯ ತಮ್ಮ ಬಸವಲಿಂಗ ಇದ್ದ. ಮೀನಾಗೆ ಸೋದರಮಾವ, ಮೆಲುಮಾತಿನವನು, ದುಡಿಯುವವನು. ಹತ್ತಿರದ ರಕ್ತ ಬೇಡ ಎಂದು ಊರಿನ ನರ್ಸ್‌ಬಾಯಿ ಹೇಳಿ ನೋಡಿದಳು. “ನಮ್ಮವ್ವನೂ ಸ್ವಾದರಮಾವನ್ನ ಮಾಡ್ಕೊಂಡಾಕಿ. ನನಗೇನು ಕೋಡು ಮೂಡ್ಯಾವೇನು?” ಎಂದು ರಾಚವ್ವ ಬಾಯಿ ಮುಚ್ಚಿಸಿದಳು. ಮಗಳನ್ನು ಕೊಟ್ಟು ತವರನ್ನೂ ಉಳಿಸಿಕೊಂಡೆ ಎಂಬ ಹಿಗ್ಗು ಅವಳಿಗೆ ಬಹಳ ದಿನ ಇತ್ತು.

ಅವರಿಗೆ ಅಪ್ಪು ಹುಟ್ಟಿದ. ಆರು ತಿಂಗಳವರೆಗೆ ನಗುತ್ತ, ಜೊಲ್ಲು ಸುರಿಸುತ್ತ ಮನೆ ತುಂಬ ಇದ್ದ. ಆಮೇಲೆ ಒಂದು ಜ್ವರ ಬಂದು ಹೋಯಿತು, ಹೋಗುವಾಗ ಕೂಸಿನ ಗೋಣಿನ ಬಲ ತೆಗೆದುಕೊಂಡು ಹೋಯಿತು. ಮುಂದಿನ ಜ್ವರಕ್ಕೆ ಮಗ್ಗುಲಾಗುವುದು ನಿಂತಿತು. ಅದರ ಮುಂದಿನದಕ್ಕೆ ತಾಯಿಯ ಕಡೆ ನೋಡುವುದೂ ನಿಂತಿತು. ಮೂರು ಊರಿನ ಆಸ್ಪತ್ರೆ ಕಂಡು, ಯಾರೂ ರೋಗದ ಹೆಸರು ಹೇಳದೆ, ಹದಿನಾಲ್ಕನೆಯ ತಿಂಗಳಲ್ಲಿ ಅಪ್ಪು ಹೋದ. ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಆ ವರ್ಷದ ಮಳೆಗೆ ಹಳ್ಳ ಆ ದಂಡೆಯನ್ನೂ ಕೊಚ್ಚಿಕೊಂಡು ಹೋಯಿತು.

ಉಳಿದದ್ದು ರಾಚವ್ವ ಅವನಿಗೆ ಹೊಲಿದ ಕೌದಿ ಒಂದೇ. ಅಪ್ಪು ಹೋದ ಮೇಲೆ ಗಂಡ ಹೆಂಡತಿ ಸಂಪಗಾಂವದ ರಾಚವ್ವನ ಮನೆಯಲ್ಲೇ ಇದ್ದರು. ಮೀನಾ ಅದರ ನಾಲ್ಕನೆಯ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದಳು. ಅದನ್ನು ನೋಡಿದ ಮುದುಕಿ ಕೆಂಚವ್ವ ರಾಚವ್ವನನ್ನು ಹಿತ್ತಿಲಿಗೆ ಕರೆದು ಹೇಳಿದಳು: “ಹೋದ ಕೂಸಿನ ಬಳ್ಳಿ ಮನ್ಯಾಗ ಇಟಗೋಬಾರದವಾ. ಅದಕ್ಕ ಹೋಗಾಕ ದಾರಿ ಸಿಗಂಗಿಲ್ಲ. ಮುಂದ ಹುಟ್ಟೂ ಕೂಸಿನ್ಯಾಗ ಅದs ಬ್ಯಾನಿ ತಗೊಂಡು ಬರತೈತಿ.”

ಇಡೀ ಊರನ್ನು ಬೈಯುವ ರಾಚವ್ವ ಆ ಮಾತಿಗೆ ಮಾತ್ರ ಹೆದರಿದಳು. ಮಗಳನ್ನು ಕೇಳಿದರೆ ಒಪ್ಪುವುದಿಲ್ಲ. ಒಂದು ಮುಂಜಾನೆ ಮೀನಾ ಸ್ನಾನಕ್ಕೆ ಹೋದಾಗ ಮೂಲೆಯ ಹೊಲಿಗೆ ಬಿಚ್ಚಿ, ಬಳ್ಳಿ ತೆಗೆದು, ಅದೇ ಬಟ್ಟೆಯಲ್ಲಿ ಐದು ಕಾಳು ಜೋಳ ಕಟ್ಟಿ ಒಳಗಿಟ್ಟಳು. ಅದೇ ಬಣ್ಣದ ದಾರ, ಅದೇ ಅಳತೆಯ ಹೊಲಿಗೆ. ತನ್ನ ಕೈಚಳಕದ ಬಗ್ಗೆ ಅವಳಿಗೆ ಅಸಹ್ಯವಾದದ್ದು ಅದೇ ಮೊದಲು. ಅಂದೇ ಮುನವಳ್ಳಿಯ ಬಸ್ಸು ಹಿಡಿದು ಮಲಪ್ರಭೆಗೆ ಹೋಗಿ, ಬಳ್ಳಿಯನ್ನು ಎಲೆಯ ಮೇಲಿಟ್ಟು ಬಿಟ್ಟು, “ಹೋಗು ನನ್ನಪ್ಪಾ, ಛಲೋ ಮೈ ತಗೊಂಡು ಬಾ,” ಎಂದು ಕೈಮುಗಿದು ಬಂದಳು. ಯಾರಿಗೂ ಹೇಳಲಿಲ್ಲ.

ಎರಡು ವರ್ಷ ಕಳೆಯಿತು. ಬೆಳಗಾವಿಯ ಆಸ್ಪತ್ರೆಯೊಂದಕ್ಕೆ ವಂಶದ ರೋಗಗಳನ್ನು ನೋಡುವ ಡಾಕ್ಟರ್ ಬಂದಿದ್ದಾರೆ, ರಕ್ತದೊಳಗಿನ ಜೀನು ಪೂರ್ತಿ ಓದಿಸುತ್ತಾರೆ ಎಂದು ಯಾರೋ ಹೇಳಿದರು. ಗಂಡ ಹೆಂಡತಿ ಹೋಗಿ ರಕ್ತ ಕೊಟ್ಟು ಬಂದರು. ವರದಿ ಬರುವಷ್ಟರಲ್ಲಿ ಮೀನಾ ಬಸಿರಾಗಿ ಮೂರು ತಿಂಗಳಾಗಿತ್ತು. ವರದಿ ಕೇಳಲು ರಾಚವ್ವನೂ ಜೊತೆಗೆ ಹೋದಳು.

ಡಾಕ್ಟರ್ ರಾಜೇಶ್ವರಿ ಸಮಾಧಾನದ ಹೆಂಗಸು. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. “ಮೈಯಾಗ ಏನೇನು ಹೆಂಗ ತಯಾರಾಗಬೇಕು ಅಂತ ಜೀನಿನ್ಯಾಗ ಬರದಿರತೈತಿ. ಆ ಬರಹದಾಗ ಮೂರು ಕಡೆ ನಿಮ್ಮಿಬ್ಬರಿಗೂ ಒಂದs ನಮೂನಿ ತಪ್ಪು ಐತ್ರಿ. ನಿಮ್ಮದು ಒಂದs ಮನಿತನ ಅಲ್ಲೇನ್ರಿ, ಹಿರಿಯರಿಂದ ಇಬ್ಬರಿಗೂ ಬಂದೈತಿ. ಒಬ್ಬರ ಕಡಿಂದ ಬಂದ್ರ ಏನೂ ಆಗಂಗಿಲ್ಲ. ತಾಯಿ ತಂದಿ ಇಬ್ಬರ ಕಡಿಂದಲೂ ಬಂದ್ರ ತ್ರಾಸು ಆಗಬಹುದು. ಮೂರೂ ಕೆಟ್ಟವಲ್ರಿ, ಒಂದs ಜೀವಾ ತಗೊಳ್ಳೂವಂಥದ್ದು, ಯಾವುದು ಅಂತ ಗೊತ್ತಿಲ್ಲ. ಮೂರರಾಗ ಯಾವುದು ಅಪ್ಪುನ್ನ ಒಯ್ತು ಅನ್ನೂದು ಗೊತ್ತಾದ್ರ, ಹೊಟ್ಟ್ಯಾಗಿನ ಕೂಸಿಗೆ ಅದು ಐತೋ ಇಲ್ಲೋ ಖಚಿತ ಹೇಳಬಹುದು. ಅದಕ್ಕ ಅಪ್ಪುಂದs ಏನರ ಬೇಕ್ರಿ. ಅರಬಿ ಮ್ಯಾಲಿನ ರಕ್ತದ ಕಲಿ, ಏನರ ಒಂದು.”

ಬಸವಲಿಂಗ ತಲೆ ತಗ್ಗಿಸಿದ. ಮೀನಾ ಮಾತ್ರ ಕುರ್ಚಿಯ ತುದಿಗೆ ಬಂದಳು.

“ಬಳ್ಳಿ ಆಗತೈತೇನ್ರಿ? ಒಣಗಿದ ಹೊಕ್ಕಳ ಬಳ್ಳಿ?”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಐತೇನು? ಅದಕ್ಕಿಂತ ಛಲೋದು ಬ್ಯಾರೆ ಯಾವುದೂ ಇಲ್ರಿ!”

“ಐತ್ರಿ. ಕೌದಿ ಮೂಲ್ಯಾಗ. ನಮ್ಮವ್ವ ಹೊಲದಿಟ್ಟಾಳ.”

ರಾಚವ್ವ ಪಕ್ಕದಲ್ಲೇ ಕೂತಿದ್ದಳು. ಈಗ ಹೇಳಬೇಕು ಎಂದುಕೊಂಡಳು, ಅಷ್ಟರಲ್ಲಿ ಡಾಕ್ಟರ್ ಅವಳ ಕಡೆ ನೋಡಿ “ಹಿರಿಯರು ಇದ್ರ ಹಿಂಗಿರಬೇಕು,” ಎಂದು ನಕ್ಕರು.

ಬಸ್ಸಿನಲ್ಲಿ ಹೇಳೋಣ ಎಂದುಕೊಂಡಳು. ಬಸ್ಸಿನಲ್ಲಿ ಮೀನಾ ಮಾತಾಡಿದಳು, ಎರಡು ವರ್ಷದಲ್ಲಿ ಆಡದಷ್ಟು. ಅಪ್ಪುನ ಕಿವಿ ಹೇಗಿತ್ತು, ಅಜ್ಜಿಯ ಬೈಗುಳಕ್ಕೆ ಹೇಗೆ ನಗುತ್ತಿದ್ದ, ಎಲ್ಲ. “ಮಂದಿ ನನಗ ಹುಚ್ಚಿ ಅಂತಿದ್ರವ್ವ, ಕೌದಿ ಹಿಡಕೊಂಡು ಅಡ್ಡಾಡತಾಳ ಅಂತ. ಈಗ ನೋಡು, ಅಪ್ಪುನs ತನ್ನ ತಂಗಿಗೋ ತಮ್ಮಗೋ ಕಾವಲು ಕುಂತಾನ,” ಎಂದು ತಾಯಿಯ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಆ ತಲೆಯ ಭಾರಕ್ಕೆ ರಾಚವ್ವ ಅಲುಗಾಡದೆ ಕೂತಳು.

ಮನೆಗೆ ಬಂದವಳೇ ಮೀನಾ ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದಳು. ಡಾಕ್ಟರ್ ಕೊಟ್ಟ ಕೈಗವಸು ಹಾಕಿಕೊಂಡು, ಕಾಗದದ ಲಕೋಟೆ ತೆರೆದಿಟ್ಟು, ಕೌದಿಯನ್ನು ಪಡಸಾಲೆಯಲ್ಲಿ ಹಾಸಿದಳು. ಕತ್ತರಿಯ ತುದಿ ಹೊಲಿಗೆಗೆ ತಾಗಿದಾಗ ರಾಚವ್ವ “ತಡಿ, ಮೀನಾ,” ಎಂದಳು.

“ಹೆದರಬ್ಯಾಡವ್ವ, ಸಾವಕಾಶ ಬಿಚ್ಚತೇನಿ.”

ಗಂಟು ಹೊರಗೆ ಬಂತು. ಬಿಚ್ಚಿದಳು. ಐದು ಕಾಳು ಜೋಳ ಉರುಳಿದವು. ಒಂದು ಹುಳು ಹಿಡಿದು ಹಿಟ್ಟಾಗಿತ್ತು. ಮೀನಾ ಆ ಬಟ್ಟೆಯನ್ನು ತಿರುಗಿಸಿ ನೋಡಿದಳು, ಮೂಲೆಯೊಳಗೆ ಬೆರಳು ಹಾಕಿ ನೋಡಿದಳು, ಉಳಿದ ಮೂರು ಮೂಲೆಯನ್ನೂ ಕತ್ತರಿಸಿದಳು. ಎಲ್ಲ ಕಡೆ ಜೋಳವೇ.

“ಅವ್ವಾ, ಬಳ್ಳಿ ಎಲ್ಲೈತಿ?”

“ಹೊಳಿಗೆ ಬಿಟ್ಟೆ,” ಎಂದಳು ರಾಚವ್ವ. “ಅವ ತೀರಿದ ತಿಂಗಳs ಬಿಟ್ಟೆ. ಕೆಂಚವ್ವ ಹೇಳಿದ್ಲು, ಮನ್ಯಾಗಿದ್ರ ಮುಂದಿನ ಕೂಸಿಗೆ ಅದs ಬ್ಯಾನಿ ಬರತೈತಿ ಅಂತ. ನಿನ್ನ ಸಲುವಾಗಿ ಬಿಟ್ಟೆನವ್ವ.”

ಬಸವಲಿಂಗ “ಅಕ್ಕಾ...” ಎಂದವನು ಗೋಡೆಯ ಕಡೆ ತಿರುಗಿ ನಿಂತ. ಮೀನಾ ಅಳಲಿಲ್ಲ, ಬೈಯಲಿಲ್ಲ. ಕೈಗವಸು ಕಳಚಿ, ಖಾಲಿ ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ರಾಚವ್ವ ಆಮೇಲೆ ಹೇಳಿದಳು.

ಮರುದಿನ ಅವಳು ಯಾರಿಗೂ ಹೇಳದೆ ಮುನವಳ್ಳಿಯ ಬಸ್ಸು ಹತ್ತಿದಳು. ಬಳ್ಳಿ ಬಿಟ್ಟ ಜಾಗಕ್ಕೇ ಹೋಗಿ, ಸೀರೆ ಎತ್ತಿ ಕಟ್ಟಿ, ಮೊಳಕಾಲು ನೀರಿನಲ್ಲಿ ಇಳಿದು ಕಲ್ಲಿನ ಸಂದುಗಳಲ್ಲಿ ಕೈಯಾಡಿಸಿದಳು. ಎರಡು ಮಳೆಗಾಲ ಹರಿದುಹೋದ ಹೊಳೆ ಅದು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು “ಏನು ಕಳಕೊಂಡ್ರಿ ಅಜ್ಜೀ?” ಎಂದು ಕೇಳಿದಳು. ರಾಚವ್ವ ಮುಂದಿನ ಕಲ್ಲಿನ ಸಂದಿಗೆ ಕೈ ಹಾಕಿದಳು.

ನಾಲ್ಕು ತಿಂಗಳು ತುಂಬಿದಾಗ ಬಸಿರಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರೂ ತಪ್ಪು ಜೋಡಿಯಾಗಿಲ್ಲವೆಂದು ಬಂದಿದ್ದರೆ ಬಳ್ಳಿಯ ಚಿಂತೆಯೇ ಇರುತ್ತಿರಲಿಲ್ಲ. ವರದಿ ಬರುವವರೆಗಿನ ಮೂರು ವಾರ ರಾಚವ್ವ ಒಂದೇ ಊಟ ಮಾಡಿ ಹರಕೆ ಹೊತ್ತಳು. ವರದಿ ಬಂತು. ಎರಡು ಕಡೆ ಏನೂ ತೊಂದರೆ ಇರಲಿಲ್ಲ. ಮೂರನೆಯ ಕಡೆ, ತಾಯಿಯಿಂದಲೂ ತಂದೆಯಿಂದಲೂ, ಆ ತಪ್ಪು ಜೋಡಿಯಾಗಿ ಬಂದಿತ್ತು.

“ಅಪ್ಪುನ್ನ ಒಯ್ದದ್ದು ಇದs ಆಗಿದ್ರ, ಈ ಕೂಸಿಗೂ ಅದs ದಾರಿ,” ಎಂದರು ಡಾಕ್ಟರ್. “ಬ್ಯಾರೇದಾಗಿದ್ರ, ಚಂದಾಗಿ ಆಡಿಕೊಂತ ಬೆಳೀತೈತಿ. ಯಾವುದಂತ ಹೇಳಾಕ ನನ್ನ ಕೈಯಾಗ ಏನೂ ಇಲ್ರಿ.” ಆ ಮಾತು ಆಡುವಾಗ ಅವರು ರಾಚವ್ವನ ಕಡೆ ನೋಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದು.

ಮೀನಾ ನಾಲ್ಕು ದಿನ ಕೂತು ಯೋಚಿಸಿದಳು. ರಾಚವ್ವ ಮಗಳ ಕಾಲು ಹಿಡಿದಳು. “ಇಟ್ಕೊ ಮೀನಾ. ಛಲೋ ಇದ್ದೀತು. ನಾ ಸಾಕತೇನಿ.”

“ಇದ್ದೀತು. ಇರಲಿಲ್ಲಂದ್ರ, ಆರು ತಿಂಗಳಿಗೆ ಅದರ ಗೋಣು ಜೋಲಿದಾಗ ನಾ ಎತಗೋಬೇಕಲ್ಲವ್ವ? ಒಮ್ಮಿ ಎತಗೊಂಡೇನಿ. ಇನ್ನೊಮ್ಮಿ ನನಗ ಆಗಂಗಿಲ್ಲ.”

ಬೆಳಗಾವಿಯ ಆಸ್ಪತ್ರೆಯಲ್ಲೇ ಬಸಿರು ತೆಗೆಸಿದರು. ಆ ಕೂಸು ಬದುಕುವಂಥದ್ದಿತ್ತೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ರಾಚವ್ವನ ಎದೆಯನ್ನು ದಿನವೂ ತಿನ್ನುವುದು ಅದೇ.

ಮೀನಾ ಬಾಣಂತಿಯ ಹಾಗೆ ಹದಿನೈದು ದಿನ ಸಂಪಗಾಂವದಲ್ಲಿ ಮಲಗಿದಳು, ಪಕ್ಕದಲ್ಲಿ ಕೂಸಿಲ್ಲ. ಒಂದು ಮಧ್ಯಾಹ್ನ ರಾಚವ್ವ ಮೂಲೆ ಬಿಚ್ಚಿ ಬಿದ್ದಿದ್ದ ಆ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಮೂರು ಮೂಲೆಗೆ ಜೋಳ ಇಟ್ಟು ಹೊಲಿದಳು. ನಾಲ್ಕನೆಯದಕ್ಕೆ ಬಂದಾಗ ಕೈ ನಿಂತಿತು.

ಮೀನಾ ನೋಡುತ್ತಿದ್ದಳು. “ಅವ್ವಾ, ಎರಡು ವರ್ಷ ನಾ ಜ್ವಾಳಾ ಹಿಡಕೊಂಡು ಮಲಗೇನಿ?”

“ಹೌದವ್ವ.”

“ನಾ ಮಲಗೂದು ನೀ ನೋಡತಿದ್ದಿ.”

“ನೋಡತಿದ್ದೆ.”

ಮೀನಾ ಕೈ ಚಾಚಿ ತೆರೆದ ಮೂಲೆಯನ್ನು ಮುಟ್ಟಿದಳು. ಆಮೇಲೆ, “ಹೊಲಿ. ಒಳಗ ಏನೂ ಇಡಬ್ಯಾಡ,” ಎಂದಳು.

ರಾಚವ್ವ ಜನ್ಮದಲ್ಲಿ ಮೊದಲ ಸಲ ಒಂದು ಮೂಲೆಯನ್ನು ಬರಿದಾಗಿ ಮುಚ್ಚಿದಳು. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟ ಬಂತು, ಅದನ್ನು ಬಿಚ್ಚಿ ಸರಿಮಾಡಲಿಲ್ಲ. ಮೀನಾ ಕೌದಿಯನ್ನು ಇಸಿದುಕೊಂಡು, ಆ ಮೂಲೆಯನ್ನು ಕಾಲಿನ ಕಡೆಗೆ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಮಲಗಿದಳು.