ಪಾರ್ಕಿನ ಶೌಚಾಲಯಕ್ಕೆ ಬೀಗ

ಸ್ನೇಹಿತರೇ, ಬೆಳಿಗ್ಗೆ ಗುಡಿಯಲ್ಲಿ ಕೈಮುಗಿದು ಜೆ.ಪಿ. ನಗರದ ನಮ್ಮ ಪಾರ್ಕಿಗೆ ಹೋದರೆ ಹೆಂಗಸರ ಶೌಚಾಲಯಕ್ಕೆ ಬೀಗ. ನನಗೋ ಶುಗರ್, ತಡೆಯೋಕಾಗಲ್ಲ. ಅಲ್ಲೇ ಹೊಸ ಸೆಲ್ಫಿ ಬೋರ್ಡಿಗೆ ದೀಪ ಹಾಕಿಸುತ್ತಿದ್ದ ಸರ್ಕಾರಿ ಇಂಜಿನಿಯರನ್ನು ಬೀಗ ಯಾಕೆ ಅಂತ ಕೇಳಿದೆ.

"ಆಂಟಿ, ಹೊಸ ಖರ್ಚು ಬಂದ್ರೆ ಹಳೇದೊಂದು ನಿಲ್ಲಿಸ್ಬೇಕು ಅಂತ ಮೇಲಿಂದ ಆರ್ಡರ್. ಬೋರ್ಡ್ ಬಂತು, ಶೌಚಾಲಯ ಕ್ಲೀನ್ ಮಾಡೋರನ್ನ ತೆಗೆದ್ವಿ."

"ಸಾಲ ಮಾಡದೆ ಇರೋ ದುಡ್ಡಲ್ಲೇ ನಡೆಸೋದು ಒಳ್ಳೇದೇ ಕಣಪ್ಪ. ನಿಲ್ಲಿಸೋಕೆ ನಿಮಗೆ ಇದೇ ಸಿಕ್ತಾ?"

"ಬೋರ್ಡ್ ಉದ್ಘಾಟನೆಗೆ ಸಾಹೇಬ್ರು ಬರ್ತಾರೆ. ಶೌಚಾಲಯಕ್ಕೆ ಯಾರು ಬರ್ತಾರೆ ಆಂಟಿ?"

"ನಾನು ಬಂದಿದೀನಲ್ಲಪ್ಪ!"

ಆತ ನಕ್ಕ. ನಾನು ದೇವರ ನಾಮ ಹೇಳಿಕೊಂಡು ಮನೆಗೆ ಓಡಿದೆ.

ಅಕ್ಕಂದಿರೇ, ನಾಳೆಯಿಂದ ನೀರು ಕುಡಿಯದೆ ವಾಕಿಂಗಿಗೆ ಬನ್ನಿ. ಸರ್ಕಾರದ ಖರ್ಚು ಸರಿದೂಗಿಸೋ ಭಾರ ಈಗ ನಮ್ಮ ಮೇಲಿದೆ.