ಗೋಧಿ ಬಿಯರಿಗೆ ಹಳೆಯ ಮಗ್

ಪಬ್ಬಿನಲ್ಲಿ ಅವನನ್ನು ನಿಜವಾದ ಹೆಸರಿನಿಂದ ಕರೆದವರಿಲ್ಲ. ಬಿಯರಿನ ನೊರೆಯನ್ನು ಗ್ಲಾಸಿನ ಬಾಯಿಗಿಂತ ಕೂದಲೆಳೆಯಷ್ಟು ಮೇಲಕ್ಕೆ ಎಬ್ಬಿಸಿ, ಒಂದು ಹನಿಯೂ ಚೆಲ್ಲದಂತೆ ನಿಲ್ಲಿಸುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು ನೊರೆಯಣ್ಣ. ನೆಲಮಾಳಿಗೆಯ ಪೀಪಾಯಿಗಳು, ಅಲ್ಲಿಂದ ಕೌಂಟರಿಗೆ ಏರಿ ಬರುವ ಕೊಳವೆಗಳು, ಸಾಲಾಗಿ ನಿಂತ ಹಿತ್ತಾಳೆಯ ನಲ್ಲಿಗಳು, ಇವೇ ಅವನ ಸಂಸಾರ. ಹೊಸ ಪೀಪಾಯಿಯನ್ನು ಇಳಿಸಿದ ಮೇಲೆ, ಆಗತಾನೇ ನಿದ್ದೆಹೋದ ಕೂಸನ್ನು ಕಾಯುವವನಂತೆ ಅದರ ಸುತ್ತ ಮೆಲ್ಲಗೆ ಹೆಜ್ಜೆಯಿಡುತ್ತಿದ್ದ. ಅಲುಗಿದರೆ ಅಡಿಯ ಗಸಿ ಮೇಲೆದ್ದು ಬಿಯರು ಕದಡುತ್ತದೆ. ಕದಡಿದ ಬಿಯರನ್ನು ಗಿರಾಕಿಯ ಮುಂದಿಡುವುದೆಂದರೆ ಅವನ ಪಾಲಿಗೆ ತಲೆತಗ್ಗಿಸುವ ಸಂಗತಿ.

ಕೆಲಸ ಮುಗಿದರೆ ಅವನಿಗಿದ್ದದ್ದು ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆ. ಮದುವೆಯ ಕಾಲಕ್ಕೆ ಪಬ್ಬಿನ ಹಳೆಯ ಯಜಮಾನರು ಉಡುಗೊರೆಯಾಗಿ ಕೊಟ್ಟ, ದಪ್ಪ ಗಾಜಿನ, ಹಿಡಿಕೆಯುಳ್ಳ ಜೋಡಿ ಮಗ್‌ಗಳು ಅಲ್ಲಿನ ಗೂಡಿನಲ್ಲಿದ್ದವು. ಅವನ ಮಗ್ಗಿನಲ್ಲಿ ಈಗ ಚಮಚಗಳಿದ್ದವು. ಹೆಂಡತಿಯದು ಅವಳು ತೀರಿಕೊಂಡಂದಿನಿಂದ ಬೋರಲಾಗಿಯೇ ಇತ್ತು.

ಭಾನುವಾರ ಪಬ್ಬಿಗೆ ರಜೆ. ಅಂದು ಬೆಳಿಗ್ಗೆ ದೂರದ ಊರಿನಿಂದ ತಂಗಿ ತಪ್ಪದೆ ಫೋನು ಮಾಡುತ್ತಿದ್ದಳು.

“ಈ ವಾರ ಯಾರ ಹತ್ರ ಮಾತಾಡ್ದೆ, ಅಣ್ಣ?”

“ಯಾರು ಅಂತ ಹೇಳ್ಲಿ? ದಿನಾ ಊರಿಗೆ ಊರೇ ಬರತ್ತೆ.”

“ಏನ್ ಕೊಡ್ಲಿ, ಇನ್ನೊಂದು ಹಾಕ್ಲಾ ಅನ್ನೋದನ್ನೆಲ್ಲ ಮಾತು ಅನ್ಬೇಡ.”

ಅಂಥ ಮಾತುಗಳನ್ನು ಬಿಟ್ಟರೆ ಉಳಿಯುತ್ತಿದ್ದವರು ಒಬ್ಬರೇ, ಎದುರು ಬೀದಿಯ ಕನ್ನಡಕದಂಗಡಿಯವರು. ಹೊತ್ತು ಮುಳುಗುವ ವೇಳೆಗೆ ಅಂಗಡಿ ಮುಚ್ಚಿ ಬಂದು, ಮೂರನೆಯ ನಲ್ಲಿಯ ಎದುರಿನ ಕೊನೆಯ ಸ್ಟೂಲಿನಲ್ಲಿ ಕೂರುತ್ತಿದ್ದರು. ಆ ನಲ್ಲಿಯಲ್ಲಿ ಬರುವ ಕಪ್ಪು ಬಿಯರೇ ಅವರಿಗೆ ಬೇಕು. ಮಗ್ಗಿನ ಹಿಡಿಕೆಯೊಳಗೆ ಒಂದು ಕೈ ತೂರಿಸಿ, ಇನ್ನೊಂದನ್ನು ಅಡಿಗೆ ಆನಿಸಿ, ದೀಪದ ಕಡೆಗೆ ಎತ್ತಿ ಹಿಡಿದು, ಮಸೂರವನ್ನು ಪರೀಕ್ಷಿಸುವವರಂತೆ ಒಂದು ಕಣ್ಣು ಮುಚ್ಚುತ್ತಿದ್ದರು. ಅಷ್ಟು ಕಪ್ಪಿನ ನಡುವೆಯೂ ಕೆಂಪಗೆ ಒಂದು ಗೆರೆ ಬೆಳಕು ತೂರಿ ಬರಬೇಕು.

“ಪಾಸಾ, ಸಾರ್?”

“ಪಾಸಪ್ಪಾ, ಪಾಸು.”

ಅವರಿಬ್ಬರ ನಡುವೆ ನಡೆಯುತ್ತಿದ್ದುದು ಇಷ್ಟೇ. ಆದರೂ ಆ ಒಂದು ಮಾತು ಕಿವಿಗೆ ಬೀಳುವವರೆಗೆ ನೊರೆಯಣ್ಣನಿಗೆ ದಿನ ತುಂಬಿದಂತೆ ಅನಿಸುತ್ತಿರಲಿಲ್ಲ.

ಹಳೆಯ ಯಜಮಾನರ ಮಗಳು ಈಗ ಪಬ್ಬನ್ನು ನೋಡಿಕೊಳ್ಳುತ್ತಿದ್ದಳು. ಅವನ ಹೆಗಲ ಮೇಲೆ ಕೂತು ಬೆಳೆದವಳು, ಅವನನ್ನು ಮಾಮ ಎಂದೇ ಕರೆಯುವವಳು. ಒಂದು ದಿನ ಬಂದು ಹೇಳಿದಳು: “ಮಾಮ, ಮೂರನೇ ನಲ್ಲೀಲಿ ಇನ್ಮೇಲೆ ಜರ್ಮನಿಯ ಗೋಧಿ ಬಿಯರ್. ಬಾಟ್ಲಿಯದಲ್ಲ, ಪೀಪಾಯಿಯದೇ. ಈ ಬೀದೀಲಿ ಬೇರೆ ಯಾರ ಹತ್ರಾನೂ ಇಲ್ಲ.”

“ಕಪ್ಪು ಬಿಯರು?”

“ಅದನ್ನ ಯಾರು ಕೇಳ್ತಾರೆ?”

“ಒಬ್ರಿದ್ದಾರಲ್ಲಮ್ಮ.”

“ಒಬ್ರಿಗೋಸ್ಕರ ಪೀಪಾಯಿ ಹುಳಿಯಾಗೋವರ್ಗೂ ಕಾಯಕ್ಕಾಗತ್ತಾ? ಅವರೂ ಹೊಸದನ್ನ ಕುಡೀಲಿ ಬಿಡಿ.”

ಹಿಡಿಕೆಯ ಮಗ್‌ಗಳೆಲ್ಲ ಗುಜರಿಗೆ ಹೋದವು. ಅವುಗಳ ಜಾಗಕ್ಕೆ ನಡು ಸಣ್ಣಗಾಗಿ ಬಾಯಿ ಅರಳಿದ, ಗೇಣುದ್ದದ ಗ್ಲಾಸುಗಳು ಬಂದವು. ಕಂಪನಿಯವನು ಬಂದು ಬಿಡಿಸಿ ಬಿಡಿಸಿ ಹೇಳಿದ: ಪೀಪಾಯಿಯನ್ನು ತಲೆಕೆಳಗಾಗಿಯೇ ಇಟ್ಟಿರಬೇಕು, ನಲ್ಲಿಗೆ ಜೋಡಿಸುವ ದಿನ ನೆಟ್ಟಗೆ ಮಾಡಬೇಕು. ಆಗ ಗಸಿಯಾಗಿ ಕೂತ ಯೀಸ್ಟೆಲ್ಲ ಬೆರೆತು ಬಿಯರು ಮಂಜಿನಂತೆ ಬರುತ್ತದೆ, ಮಂಜಿನಂತೆಯೇ ಬರಬೇಕು. ನೊರೆಯಣ್ಣ ತಲೆಯಾಡಿಸಿದ. ಆದರೆ ಅವನಿಗೆ ಅದು ಮಲಗಿದ ಕೂಸನ್ನು ಕಾಲು ಹಿಡಿದು ತಿರುಗಿಸು ಎಂದಂತೆ ಕೇಳಿಸಿತು.

ಮೊದಲ ಸಂಜೆ ಪಬ್ಬು ಗಿಜಿಗುಟ್ಟಿತು. ಟ್ಯಾಕ್ಸಿಯವನೊಬ್ಬ ಗ್ಲಾಸನ್ನು ಅತ್ತಿತ್ತ ತಿರುಗಿಸಿ, “ಏನಣ್ಣಾ, ಇದರಲ್ಲಿ ಕುಡೀಬೇಕಾ, ಹೂವು ಇಡ್ಬೇಕಾ?” ಎಂದ. ಅವನ ಜೊತೆಗಾರ ಮೂಗು ತೂರಿಸಿ, “ಬಾಳೆಹಣ್ಣಿನ ವಾಸ್ನೆ ಕಣೋ! ಮನೇಲಿ ಕೇಳಿದ್ರೆ ಹಣ್ಣಿನಂಗಡೀಲಿದ್ದೆ ಅನ್ಬಹುದು” ಎಂದ. ಎಲ್ಲರೂ ನಕ್ಕರು.

ಕನ್ನಡಕದವರು ತಮ್ಮ ಎದುರಿಗಿದ್ದ ಗ್ಲಾಸನ್ನು ನೋಡುತ್ತ ಕೂತರು. ಕೈ ಚಾಚಿ, ಮತ್ತೆ ಮಡಿಲಿಗೆ ಎಳೆದುಕೊಂಡರು. “ಆಚೆ ಕಡೆ ಏನಿದೆ ಅಂತ ಕಾಣೋದೇ ಇಲ್ವಲ್ಲ, ನೊರೆಯಣ್ಣ,” ಎಂದು ನಕ್ಕಂತೆ ಮಾಡಿದರು. ನೊರೆ ಇಳಿದು ಇಳಿದು ತೆಳ್ಳಗಾಯಿತು. ಹೊಟ್ಟೆ ಸರಿಯಿಲ್ಲ ಎಂದು ಮುಟ್ಟದೆಯೇ ಎದ್ದು ಹೋದರು.

ನೊರೆಯಣ್ಣನಿಗೆ ತಿಳಿದದ್ದು ಒಂದೇ: ಜೀವಮಾನವಿಡೀ ಗಾಜಿನೊಳಗಿಂದ ಬೆಳಕು ನೋಡಿದ ಮನುಷ್ಯನಿಗೆ ಮಬ್ಬು ಹಿಡಿದ ಬಿಯರನ್ನು ಕೊಟ್ಟರೆ ಅವರಾದರೂ ಹೇಗೆ ಕುಡಿದಾರು? ಮುಂದಿನ ಪೀಪಾಯಿ ಬಂದಾಗ ಅವನು ಅದನ್ನು ತಲೆಕೆಳಗಾಗಿ ಇಡಲಿಲ್ಲ. ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲೊಂದು ಗೋಣಿ ಹೊದಿಸಿ, ಗಸಿಯೆಲ್ಲ ತಳ ಸೇರುವವರೆಗೆ ಕಾದ. ಕೊಳವೆ ತಳದಿಂದಲೇ ಎಳೆಯುವುದರಿಂದ, ಜೋಡಿಸಿದ ದಿನ ಮೊದಲ ಗ್ಲಾಸುಗಳಲ್ಲಿ ಸುರಿದ ತೊಗಟೆ ಬಣ್ಣದ ಕೆಸರನ್ನು ಚೆಲ್ಲಿದ. ಆಮೇಲೆ ಬಂದ ಬಿಯರು ಚಿನ್ನದ ಬಣ್ಣಕ್ಕೆ ತಿಳಿಯಾಗಿತ್ತು.

ಸಂಜೆ ಕನ್ನಡಕದವರು ಕೂತೊಡನೆ, ಹಿಗ್ಗಿನಿಂದ ಗ್ಲಾಸನ್ನು ಅವರ ಮುಂದಿಟ್ಟ. “ನೋಡಿ ಸಾರ್, ನಿಮಗೋಸ್ಕರಾನೇ ತಿಳಿ ಮಾಡಿದ್ದೀನಿ. ಎತ್ತಿ ನೋಡಿ!”

ಅವನ ದನಿಗೆ ಕೌಂಟರಿನಲ್ಲಿದ್ದವರೆಲ್ಲ ತಿರುಗಿದರು. ಟ್ಯಾಕ್ಸಿಯವನು, “ಎತ್ತಿ ಸಾರ್, ಎತ್ತಿ, ಪಾಸೋ ಫೇಲೋ ಹೇಳ್ಬಿಡಿ!” ಎಂದು ಹುರಿದುಂಬಿಸಿದ.

ಕನ್ನಡಕದವರ ಮುಖ ಬಿಳಿಚಿಕೊಂಡಿತು. “ಚೆನ್ನಾಗಿದೆ. ಎತ್ತದೇನೇ ಕಾಣ್ತಿದೆ,” ಎಂದರು. ಮಡಿಲಲ್ಲಿದ್ದ ಕೈ ಮೇಲೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಇತ್ತ ತಿಳಿಯಾದ ಬಿಯರು ಸಪ್ಪೆ ಎಂದು ಗಿರಾಕಿಗಳು ಗೊಣಗಿದರು. ಚೆಲ್ಲಿದ ಮೇಲೂ ತಳದಲ್ಲಿ ಉಳಿದಿದ್ದ ಗಸಿ ಪೀಪಾಯಿ ಬರಿದಾಗುವ ಹೊತ್ತಿಗೆ ಮತ್ತೆ ಮೇಲೆದ್ದಿತು. “ಬಿಯರ್ ಕೇಳಿದ್ರೆ ಹಿಟ್ಟು ಕಲಸಿ ಕೊಟ್ಯಲ್ಲಣ್ಣಾ,” ಎಂದ ಟ್ಯಾಕ್ಸಿಯವನು. “ಜೊತೆಗೊಂದು ಲಟ್ಟಣಿಗೇನೂ ಕೊಡು.”

ಯಜಮಾನತಿ ಅವನನ್ನು ನೆಲಮಾಳಿಗೆಗೆ ಕರೆದಳು. “ಅವರು ಅಷ್ಟು ಬಿಡಿಸಿ ಹೇಳಿದ್ರಲ್ಲ ಮಾಮ, ಯಾಕೆ ಹೀಗೆ ಮಾಡಿದ್ರಿ?”

“ಅವರಿಗೆ ತಿಳಿಯಾಗಿದ್ರೆ ಇಷ್ಟ.”

“ಯಾರಿಗೆ?”

ಅವನು ಮೇಲಿನ ಮಹಡಿಯತ್ತ, ಕೊನೆಯ ಸ್ಟೂಲು ಇರುವ ಕಡೆಗೆ, ಗದ್ದ ತೋರಿಸಿದ. ಅವಳು ಮುಂದೆ ಬೈಯಲಿಲ್ಲ. ಅಂದಿನಿಂದ ಪೀಪಾಯಿಗಳು ತಲೆಕೆಳಗಾದವು.

ಕನ್ನಡಕದವರ ಸ್ಟೂಲು ಮಾತ್ರ ಖಾಲಿಯೇ ಉಳಿಯಿತು. ಜನ ಜಾಸ್ತಿಯಾದಾಗ ಬೇರೆಯವರು ಅದರ ಮೇಲೆ ಕೂರುತ್ತಿದ್ದರು. ಆಗ ನೊರೆಯಣ್ಣನಿಗೆ ಇನ್ನೂ ಖಾಲಿ ಖಾಲಿ ಅನಿಸುತ್ತಿತ್ತು. “ಯಾರ ಹತ್ರ ಮಾತಾಡ್ದೆ?” ಎಂದು ತಂಗಿ ಕೇಳಿದಾಗ ಅವನು ಹವಾಮಾನದ ವಿಷಯ ಎತ್ತಿದ.

ಕೊನೆಗೊಂದು ಬೆಳಿಗ್ಗೆ ರಸ್ತೆ ದಾಟಿದ. ಇಷ್ಟು ವರ್ಷವಾದರೂ ಆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ನೆಪಕ್ಕೆ ತನ್ನ ಕನ್ನಡಕವೇ ಇತ್ತು, ಅದರ ಒಂದು ಕಾಲು ನಿಜವಾಗಿಯೂ ಸಡಿಲವಾಗಿತ್ತು.

“ಓ, ನೊರೆಯಣ್ಣ! ಬನ್ನಿ, ಬನ್ನಿ,” ಎಂದರು ಕನ್ನಡಕದವರು. ಪಬ್ಬಿನ ಮಾತು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಅವರು ಸಣ್ಣ ತಿರುಪುಳಿ ತೆಗೆದುಕೊಂಡು ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದರು. ಆದರೂ ಅದರ ತುದಿ ಸ್ಕ್ರೂವಿನ ಸುತ್ತ ಟಿಕ್ ಟಿಕ್ ಎಂದು ಬಡಿಯಿತೇ ಹೊರತು ಸೀಳಿನೊಳಗೆ ಕೂರಲಿಲ್ಲ. ಸ್ಕ್ರೂ ಹಾರಿ ನೆಲಕ್ಕೆ ಬಿತ್ತು. ಇಬ್ಬರೂ ಬಗ್ಗಿ ಹುಡುಕಿದರು. ಮೇಜಿನ ಕೆಳಗೆ, ನೆಲಕ್ಕೆ ಊರಿದ ಅವರ ಬಲಗೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿತ್ತು.

ನೊರೆಯಣ್ಣನಿಗೆ ಆ ಸಂಜೆಯ ತನ್ನ ಕೂಗು ಕಿವಿಯಲ್ಲಿ ಮತ್ತೆ ಕೇಳಿಸಿತು. ಎತ್ತಿ ನೋಡಿ, ಎತ್ತಿ ನೋಡಿ. ಅಷ್ಟು ಜನರ ಎದುರಿಗೆ.

ಸ್ಕ್ರೂ ಅವನ ಕಾಲ ಬಳಿಯೇ ಇತ್ತು. ಎತ್ತಿ ಮೇಜಿನ ಮೇಲಿಟ್ಟು, “ಅವಸರ ಇಲ್ಲ ಸಾರ್, ನಿಧಾನಕ್ಕೆ ಮಾಡಿ, ಸಂಜೆ ಹೊತ್ತಿಗೆ ಕೊಟ್ರೂ ಆಯ್ತು,” ಎಂದ. ಬಾಗಿಲಿಗೆ ಹೋದವನು, ಏನೋ ನೆನಪಾದವನಂತೆ ತಿರುಗಿದ. “ಹೊಸ ಗ್ಲಾಸು ನನ್ನ ಕೈಲಿ ನಿಲ್ತಾ ಇಲ್ಲ ಸಾರ್. ಜಾರಿ ಜಾರಿ ಬೀಳತ್ತೆ. ನಾನಂತೂ ಹಳೇ ಮಗ್ಗಿಗೇ ವಾಪಸ್ಸು.”

ಅವರು ತಿರುಪುಳಿಯನ್ನು ಕೆಳಗಿಟ್ಟರು. “ನಿಮ್ಮ ಕೈಲೂ ನಿಲ್ತಾ ಇಲ್ವಾ?”

ಆ ‘ಕೈಲೂ’ ಎಂಬುದನ್ನು ಅವನು ಕೇಳಿಸಿಕೊಳ್ಳದವನಂತೆ ಮೆಟ್ಟಿಲಿಳಿದ.

ಕೋಣೆಗೆ ಹೋಗಿ ಚಮಚಗಳನ್ನು ಮೇಜಿನ ಮೇಲೆ ಸುರುವಿದ. ತನ್ನ ಮಗ್ಗೊಂದನ್ನೇ ಒಯ್ದರೆ ಕೌಂಟರಿನಲ್ಲಿ ಅದು ಅವರೊಬ್ಬರ ಮುಂದೆ ಎದ್ದು ಕಾಣುತ್ತದೆ. ಬೋರಲಾಗಿದ್ದ ಇನ್ನೊಂದರ ಮುಂದೆ ತುಸು ನಿಂತ. ಆಮೇಲೆ ಅದನ್ನೂ ಎತ್ತಿಕೊಂಡು, ಸೆರಗಿನಂತೆ ಮೃದುವಾಗಿದ್ದ ಹಳೆಯ ಟವೆಲ್ಲಿನಲ್ಲಿ ಸುತ್ತಿದ.

“ಗೋಧಿ ಬಿಯರನ್ನ ಮಗ್ಗಲ್ಲಿ ಕೊಟ್ರೆ ಜರ್ಮನಿಯವರು ನಗ್ತಾರೆ, ಮಾಮ,” ಎಂದಳು ಯಜಮಾನತಿ.

“ನಗ್ಲಿ ಬಿಡಮ್ಮ. ಅವರೇನು ಬಂದು ನೋಡ್ತಾರಾ?”

ಕನ್ನಡಕದವರು ಬಂದರು. ರಿಪೇರಿಯಾದ ಕನ್ನಡಕವನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ನೊರೆಯಣ್ಣ ಹೆಂಡತಿಯ ಮಗ್ಗನ್ನು ಅವರ ಮುಂದಿಟ್ಟು, ತನ್ನದರಲ್ಲಿ ನೀರು ತುಂಬಿಸಿಕೊಂಡು ನಿಂತ. ಅವರು ಒಂದು ಕೈ ಹಿಡಿಕೆಯಲ್ಲಿ ತೂರಿಸಿ, ಇನ್ನೊಂದನ್ನು ಅಡಿಗೆ ಆನಿಸಿ, ನಿಧಾನವಾಗಿ ದೀಪದ ಕಡೆಗೆ ಎತ್ತಿದರು. ದಪ್ಪ ಗಾಜು, ಒಳಗೆ ಮಂಜು. ಒಂದು ಗೆರೆ ಬೆಳಕೂ ಬರುವಂತಿರಲಿಲ್ಲ. ನೊರೆ ಸ್ವಲ್ಪ ಚೆಲ್ಲಿತು, ಅದನ್ನು ಯಾರೂ ನೋಡಲಿಲ್ಲ.

“ಪಾಸಾ, ಸಾರ್?”

“ಪಾಸಪ್ಪಾ.”

ಭಾನುವಾರ ಬೆಳಿಗ್ಗೆ ಫೋನು ಬಂದಾಗ ನೊರೆಯಣ್ಣ ಚಹಾ ಕಲಕಲು ಚಮಚ ಹುಡುಕುತ್ತಿದ್ದ. ಕನ್ನಡಕದ ಕಾಲು ಇನ್ನೂ ತುಸು ಸಡಿಲವಾಗಿಯೇ ಇತ್ತು, ಬಗ್ಗಿದಾಗಲೆಲ್ಲ ಮೂಗಿನಿಂದ ಜಾರುತ್ತಿತ್ತು. ಅದನ್ನು ಬಿಗಿ ಮಾಡಿಸುವ ಯೋಚನೆ ಅವನಿಗಿರಲಿಲ್ಲ.

“ಚಮಚ ಮಗ್ಗಲ್ಲಿರತ್ತಲ್ಲ, ಅಣ್ಣ?”

“ಮಗ್ ಇಲ್ಲ. ಎರಡೂ ಕೆಲಸಕ್ಕೆ ಸೇರ್ಕೊಂಡಿವೆ.”

“ಅತ್ತಿಗೇದೂನಾ?”

“ಹೂಂ.”

ಗೂಡಿನ ಧೂಳಿನಲ್ಲಿ ಎರಡು ದುಂಡನೆಯ ಗುರುತುಗಳು ಅಕ್ಕಪಕ್ಕದಲ್ಲಿದ್ದವು. ಅವನು ಅವನ್ನು ಒರೆಸಲಿಲ್ಲ. ಇಂದು ಪಬ್ಬು ಮುಚ್ಚಿತ್ತು, ಎದುರಿನ ಅಂಗಡಿಯೂ ಮುಚ್ಚಿತ್ತು. ನಾಳೆಯ ಸಂಜೆಗೆ ಇನ್ನೂ ಬಹಳ ಹೊತ್ತಿತ್ತು.