ಹರಿಗೋಲಿಗೆ ಬಿಳಿ ಗೆರೆ ಎಳೆದ ಕೊಟ್ರಬಸಪ್ಪನವರು

ಗಂಗಾವತಿ ಸೀಮೆಯಲ್ಲಿ ಭತ್ತ ಬೆಳೆದು ಹೆಸರಾದವರಿದ್ದಾರೆ, ಅಕ್ಕಿ ಮಾರಿ ಮಾಳಿಗೆ ಕಟ್ಟಿಸಿದವರಿದ್ದಾರೆ, ತುಂಬಿದ ತುಂಗಭದ್ರೆಯಲ್ಲಿ ಹರಿಗೋಲು ತಿರುಗಿಸಿ ಮೀಸೆ ತಿರುವಿದ ಅಂಬಿಗರೂ ಇದ್ದಾರೆ. ಆದರೆ ಹೊಳೆ ದಾಟುವ ಜನವನ್ನೂ ಸರಕನ್ನೂ ಮುಳುಗದಂತೆ ಕಾಯುವುದು ಒಂದು ವಿದ್ಯೆ, ಅದನ್ನು ಕಲಿಯಬೇಕು, ಕಲಿಸಬೇಕು ಎಂದು ನಮಗೆ ತೋರಿಸಿಕೊಟ್ಟವರು ಕರಿಬಂಡೆ ಕಡವಿನ ದಾರೋಗಾ ಶ್ರೀ ತಾವರಗೇರಿ ಕೊಟ್ರಬಸಪ್ಪನವರು. ೧೯೩೧ರಿಂದ ಈ ಕಡವಿನ ಮೇಲ್ವಿಚಾರಣೆ ನಡೆಸಿ ಅವರು ಈ ವರ್ಷ ನಿವೃತ್ತರಾಗಿದ್ದಾರೆ. ವರ್ತಕರೂ ಅಂಬಿಗರೂ ಕೂಡಿ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಪಕ್ಕದಲ್ಲಿ ಚೀಟಿ ಹರಿಯುತ್ತ ಕುಳಿತಿದ್ದ ಕಾರಕೂನನಾದ ನನಗೆ ದೊರೆತಿದೆ. ಹೊಗಳಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ, ಇನ್ನು ಅವರು ನನ್ನ ಸಾಹೇಬರಲ್ಲ.

ಮಾನ್ಯರು ಹುಟ್ಟಿದ್ದು ಕುಷ್ಟಗಿ ಸೀಮೆಯ ಒಣನೆಲದಲ್ಲಿ. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಬಾವಿಯ ಮುಂದೆ ಸರದಿ ನಿಲ್ಲುವ ಊರಿನವರು ಸಮುದ್ರದ ಚಾಕರಿಗೆ ಬಿದ್ದದ್ದು ವಿಧಿಯ ಕುಚೇಷ್ಟೆಯೇ ಸರಿ. ದೊಡ್ಡ ಜ್ವರದ ವರ್ಷ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಮುಂಬಯಿಗೆ ಹೋದವರು, ಮೊದಲು ಗಿರಣಿಯಲ್ಲಿ ದುಡಿದು, ಆಮೇಲೆ ಸರಕಿನ ಹಡಗೊಂದರಲ್ಲಿ ಖಲಾಸಿಯಾಗಿ ಸೇರಿದರು. ಹಡಗಿನ ಹೊಟ್ಟೆಯ ಮೇಲೆ ಒಂದು ಗೆರೆ ಬಳಿದಿರುತ್ತದಂತೆ. ಸರಕು ತುಂಬುತ್ತ ತುಂಬುತ್ತ ಆ ಗೆರೆಗೆ ನೀರು ತಾಗಿತೆಂದರೆ, ಮಾಲೀಕನೇ ಬಂದು ಅತ್ತರೂ ಮತ್ತೊಂದು ಮೂಟೆ ಹತ್ತಕೂಡದು. ಗಾಳಿಯ ಸುಳಿವಿಲ್ಲದ ದಿನವೇ ಗಂಟೆ ಬಾರಿಸಿ, ಎಲ್ಲರಿಗೂ ಬೆಂಡಿನ ಅಂಗಿ ತೊಡಿಸಿ, ಸಣ್ಣ ದೋಣಿಗಳನ್ನು ಇಳಿಸಿ ಏರಿಸಿ ರೂಢಿ ಮಾಡಿಸುತ್ತಿದ್ದರಂತೆ. ‘ಹಡಗ ಬಿರುಗಾಳ್ಯಾಗ ಮುಳುಗೂದಿಲ್ಲ ಈಶಪ್ಪ, ಇನ್ನೊಂದ ಮೂಟಿ ಹೋಗ್ಲಿ ಬಿಡು ಅಂತ ಬಂದರದಾಗ ಅಂದಾಗನ ಮುಳುಗಿರತೈತಿ’ ಎಂದು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಈ ಹಡಗಿನ ಬುದ್ಧಿಯನ್ನು ಅವರು ಹರಿಗೋಲಿಗೆ ತಂದರು. ನಮ್ಮ ದಂಡೆಯಿಂದ ಅಕ್ಕಿ, ಆಚೆ ಇಂಗ್ರೇಜಿ ಸೀಮೆಯ ಕಂಪ್ಲಿಯಿಂದ ಬೆಲ್ಲ ದಾಟುವ ಕಡವಿದು. ಬಂದ ಮೊದಲ ವರ್ಷವೇ ಒಂದೊಂದು ಹರಿಗೋಲಿನ ತೊಗಲಿನ ಮೇಲೂ ಸುತ್ತ ಬಿಳಿ ಬಣ್ಣದ ಗೆರೆ ಎಳೆಸಿದರು. ‘ದಾರೋಗಾ ಸಾಹೇಬ್ರು ಹರಿಗೋಲಿಗೆ ವಿಭೂತಿ ಹಚ್ಯಾರ, ಇನ್ನ ಲಿಂಗ ಕಟ್ಟೂದೊಂದ ಬಾಕಿ’ ಎಂದು ಗಂಗಾವತಿಯ ಅಕ್ಕಿ ವ್ಯಾಪಾರಿ ಉಮರಸಾಬರು ಕಡವಿನ ತುಂಬ ನಗೆ ಹಬ್ಬಿಸಿದರು. ಒಂದೇ ಸಲ ಹೋಗುತ್ತಿದ್ದ ಅಕ್ಕಿಗೆ ಈಗ ಎರಡು ಸಲ ಹೊಳೆ ದಾಟುವ ಕೆಲಸ. ಉಮರಸಾಬರು ಬೈದರು, ಅಂಬಿಗರು ಗೊಣಗಿದರು. ನಾನೂ ಗೊಣಗಿದೆ. ಗೆರೆ ಮಾತ್ರ ಇದ್ದಲ್ಲೇ ಇತ್ತು.

ಇದಕ್ಕಿಂತ ಕಷ್ಟದ್ದು ದೇವಿಯ ಸಂಗತಿ. ನಡುಹೊಳೆಯ ಕರಿಬಂಡೆಯ ಮೇಲೆ ಗಂಗಮ್ಮನ ಪುಟ್ಟ ಗುಡಿಯಿದೆ. ಅದು ಕಂಡೊಡನೆ ಹರಿಗೋಲಿನಲ್ಲಿದ್ದವರೆಲ್ಲ ಎದ್ದು, ಅದೇ ಮಗ್ಗುಲಿಗೆ ಸರಿದು, ಕೈಮುಗಿಯುವುದು ಹಿಂದಿನಿಂದ ಬಂದ ಪದ್ಧತಿ. ಹರಿಗೋಲು ಆ ಮಗ್ಗುಲಿಗೆ ವಾಲುವುದೂ ಹಿಂದಿನಿಂದ ಬಂದದ್ದೇ. ಹಾಗೆ ವಾಲಿ ಮಗುಚಿದ ಒಂದು ದಿನ ಮಾರೆವ್ವನೆಂಬ ಹೆಣ್ಣುಮಗಳು ನೀರು ಪಾಲಾದಳು. ಮರುದಿನದಿಂದ ‘ಕುಂತ ಕೈಮುಗೀಬೇಕು’ ಎಂದು ದಾರೋಗಾರ ಹುಕುಂ ಆಯಿತು. ದೇವಿ ಮುನಿಯುತ್ತಾಳೆಂದು ಊರೆಲ್ಲ ಗುಲ್ಲೆದ್ದಾಗ ಹಿರಿಯ ಅಂಬಿಗ ಮುದುಕಪ್ಪನೇ ಬಾಯಿ ಮುಚ್ಚಿಸಿದ: ‘ಕುಂತ ಮುಗದವ್ರು ದಂಡಿ ಮುಟ್ಟತಾರ. ನಿಂತ ಮುಗದವ್ರು ಸೀದಾ ಆಕಿ ಉಡಿಯಾಗ ಬೀಳತಾರ. ಯಾವದ ಬೇಕ ನೋಡ್ರಿ.’

ಗೆರೆಯ ದೆಸೆಯಿಂದ ದಂಡೆಯಲ್ಲೇ ಉಳಿದವರನ್ನು ಕೊಟ್ರಬಸಪ್ಪನವರು ಹಾಗೇ ಬಿಡುತ್ತಿರಲಿಲ್ಲ. ಕಡವಿನ ಮೇಲೇ ಇದ್ದ ಅವರ ಮನೆಯಲ್ಲಿ, ಅವರ ಧರ್ಮಪತ್ನಿ ಗುರುಲಿಂಗಮ್ಮನವರ ಕೈಯ ಬಿಸಿ ರೊಟ್ಟಿ, ಝುಣಕ ಉಂಡೇ ಜನ ಮಲಗುತ್ತಿದ್ದರು. ‘ನಿಮ್ಮ ದಾರೋಗಾರು ಹೊಳಿ ದಾಟಸೂದಿಲ್ಲ, ನಾನರ ಹಸಿವು ದಾಟಸ್ತೀನಿ, ಬರ್ರಿ’ ಎಂದು ಆ ತಾಯಿ ಕರೆಯುತ್ತಿದ್ದರು. ಊಟದ ಆಸೆಗೆ ಬೇಕೆಂದೇ ತಡಮಾಡಿ ಬರುತ್ತಿದ್ದವರನ್ನೂ ನಾನು ಬಲ್ಲೆ. ಗಂಡ ಬೇಡವೆಂದದ್ದರ ಕಹಿಯನ್ನು ಹೆಂಡತಿ ತೊಳೆಯುತ್ತಿದ್ದುದರಿಂದಲೇ ಆ ಗೆರೆ ನಮ್ಮಲ್ಲಿ ನಿಂತಿತು ಎಂದು ನನ್ನ ನಂಬಿಕೆ.

೧೯೩೮ರ ಶ್ರಾವಣದ ಸಂಗತಿಯನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅದನ್ನು ಬಿಟ್ಟರೆ ಅವರ ಸೇವೆಯ ಅರ್ಧವನ್ನೇ ಬಿಟ್ಟಂತೆ. ಕರಿಬಂಡೆಯ ಮೇಲೂ ಅವರೊಂದು ಗೆರೆ ಎಳೆಸಿದ್ದರು. ಹೊಳೆ ಅದನ್ನು ದಾಟಿದರೆ ಕಡವು ಬಂದ್. ಆ ದಿನ ಬೆಳಿಗ್ಗೆ ಗೆರೆ ಮುಳುಗಿತು. ಆಚೆ ದಂಡೆಯಲ್ಲಿ ಮಗ ಜ್ವರದಿಂದ ಮಲಗಿದ್ದಾನೆಂದು ಅಳುತ್ತ ಬಂದ ಹುಲಗೆಮ್ಮನನ್ನು ದಾರೋಗಾರು ತಡೆದು ಕೂರಿಸಿದ್ದರು. ಅದಕ್ಕೂ ಮುಂಚೆ, ನೀರೇರುವ ಮೊದಲು ದಾಟಿ ಬಂದಿದ್ದ ಕೊನೆಯ ಹರಿಗೋಲಿನಲ್ಲಿ ಕಂಪ್ಲಿಯಿಂದ ಸುದ್ದಿ ಬಂದಿತ್ತು: ಗುರುಲಿಂಗಮ್ಮನವರ ತಾಯಿಗೆ ಮಾತು ನಿಂತಿದೆ, ಮಗಳ ದಾರಿ ಕಾಯುತ್ತಿದ್ದಾರೆ ಎಂದು.

ಗುರುಲಿಂಗಮ್ಮನವರು ಸೀರೆಯ ಗಂಟು ಹಿಡಿದು ಕಡವಿಗೆ ಇಳಿದು ಬಂದರು. ‘ಒಬ್ಬರ ಅಂದ್ರ ದಾಟಸ್ತೀನ್ರಿ, ನನಗ ಧೈರ್ಯ ಐತಿ’ ಎಂದ ಮುದುಕಪ್ಪ. ಅಳುತ್ತ ಕುಳಿತಿದ್ದ ಹುಲಗೆಮ್ಮನೂ ಕಣ್ಣೊರೆಸಿಕೊಂಡು, ‘ಅವ್ವಾರ್ನ ಕಳಸ್ರಿ ಯಪ್ಪಾ, ನಾ ಏನೂ ಅನ್ನೂದಿಲ್ಲ’ ಎಂದಳು. ಕೊಟ್ರಬಸಪ್ಪನವರು ಕರಿಬಂಡೆಯ ಕಡೆ ಒಮ್ಮೆ ನೋಡಿ ಹೆಂಡತಿಯತ್ತ ತಿರುಗಿದರು.

‘ಇವತ್ತ ನಿನ್ನ ಬಿಟ್ರ, ನಾಳಿ ಹೊಳಿ ಬಂದಾಗ ಯಾರ್ನ ತಡೀಲಿ?’

‘ಮುಳುಗಿದ್ರ ನಾ ಮುಳುಗತಿದ್ದೆ. ನಿಮ್ಮ ಗೆರಿ ಅಲ್ಲ’ ಎಂದರು ಆ ತಾಯಿ. ಆಮೇಲೆ ಹುಲಗೆಮ್ಮನ ಪಕ್ಕದಲ್ಲಿ ಹೋಗಿ ಕುಳಿತರು.

ಹೊಳೆ ಇಳಿಯಿತು. ಹುಲಗೆಮ್ಮನ ಮಗ ಬದುಕಿದ್ದ. ಗುರುಲಿಂಗಮ್ಮನವರ ತಾಯಿಯನ್ನು ಆಗಲೇ ಮಣ್ಣು ಮಾಡಿದ್ದರು. ಆಚೆ ಹೋದ ಗುರುಲಿಂಗಮ್ಮನವರು ಅಣ್ಣನ ಮನೆಯಲ್ಲೇ ನಿಂತರು, ತಿರುಗಿ ಬರಲಿಲ್ಲ. ಕೊಟ್ರಬಸಪ್ಪನವರು ಒಮ್ಮೆ ಕರೆಯಲು ಹೋಗಿದ್ದರು. ಆ ತಾಯಿ ಕೈಕಾಲಿಗೆ ನೀರು ಕೊಟ್ಟರಂತೆ, ಊಟಕ್ಕೆ ಬಡಿಸಿದರಂತೆ, ಒಂದು ಮಾತನ್ನೂ ಆಡಲಿಲ್ಲವಂತೆ.

ಅಂದು ಹರಿಗೋಲು ಬಿಟ್ಟಿದ್ದರೆ ಅದು ದಾಟುತ್ತಿತ್ತೋ ಮುಳುಗುತ್ತಿತ್ತೋ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಮುಳುಗುವವರನ್ನು ಎಳೆದು ತಂದವನಿಗೆ ಊರು ಹಾರ ಹಾಕುತ್ತದೆ. ಮುಳುಗದಂತೆ ನೋಡಿಕೊಂಡವನಿಗೆ ಸಾಕ್ಷಿಗಳೇ ಸಿಗುವುದಿಲ್ಲ. ಕೊಟ್ರಬಸಪ್ಪನವರು ಎಲ್ಲವೂ ಸರಿಯಾಗಿರುವಂತೆಯೇ ಕೆಲಸ ಮಾಡಿದರು. ಪ್ರತಿ ದೀಪಾವಳಿಗೆ ನನ್ನ ಕೈಗೆ ಬಣ್ಣದ ಡಬ್ಬಿ ಕೊಟ್ಟು ಗೆರೆಗಳಿಗೆ ಹೊಸ ಬಣ್ಣ ಬಳಿದರು, ನೀರು ಕಡಿಮೆಯಿದ್ದ ದಿನಗಳಲ್ಲಿ ಅಂಬಿಗರಿಗೆ ಮಗುಚಿದ ಹರಿಗೋಲು ಎತ್ತುವುದನ್ನು ಕಲಿಸಿದರು. ದಂಡೆಯಲ್ಲಿ ಉಳಿದವರಿಗೆ ತಾವೇ ರೊಟ್ಟಿ ಬಡಿದರು. ಆ ರೊಟ್ಟಿ ಮುರಿಯಲು ಹಲ್ಲು ಗಟ್ಟಿ ಬೇಕಿತ್ತು, ಯಾರೂ ಎರಡನೆಯದು ಕೇಳುತ್ತಿರಲಿಲ್ಲ. ಸಂಜೆ ಕಡವು ಮುಚ್ಚಿದ ಮೇಲೆ ಕಂಪ್ಲಿಯ ದಂಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ನಾನು ಮನೆಗೆ ಹೊರಡುವಾಗ ಅವರತ್ತ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ನನಗೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ಹೋದ ವರ್ಷದ ಗಲಭೆಯ ದಿನಗಳಲ್ಲಿ ಇರಕಲ್ಲಗಡದಿಂದ, ಯಲಬುರ್ಗಿಯಿಂದ ಸುಲಿಗೆಗೆ ಹೆದರಿದ ಜನ ಮಕ್ಕಳುಮರಿ ಕಟ್ಟಿಕೊಂಡು, ಆಚೆ ದಾಟಿ ಜೀವ ಉಳಿಸಿಕೊಳ್ಳಲು ನಮ್ಮ ಕಡವಿಗೆ ಬಂದು ಬಿದ್ದರು. ಆಗ ಗೆರೆಯ ಮಾತು ಕೇಳುವವರು ಯಾರು? ಅವರು ಕೇಳಿಸಿದರು. ಸೊಂಟದ ಮಟ್ಟ ನೀರಿನಲ್ಲಿ ನಿಂತು, ಗೆರೆಗೆ ನೀರು ತಾಗಿದೊಡನೆ ಹರಿಗೋಲು ನೂಕಿ, ಅಂಬಿಗರ ತೋಳು ಸೋತಾಗ ಈ ವಯಸ್ಸಿನಲ್ಲಿ ತಾವೇ ಹುಟ್ಟು ಹಾಕಿದರು. ಆಚೆ ದಂಡೆಯಲ್ಲಿ ಇಳಿದವರಿಗೆ ಗಂಜಿ ಕೊಡುತ್ತಿದ್ದ ಹೆಂಗಸರಲ್ಲಿ ಗುರುಲಿಂಗಮ್ಮನವರೂ ಇದ್ದರು. ಬಂದ ಹರಿಗೋಲುಗಳೆಲ್ಲವನ್ನೂ ಅವರು ಕಂಡರು. ಹುಲಗೆಮ್ಮ ಮಗನೊಂದಿಗೆ, ಮೊಮ್ಮಕ್ಕಳೊಂದಿಗೆ ಇಳಿದದ್ದನ್ನೂ ಕಂಡರು. ಒಬ್ಬರೂ ನೀರು ಪಾಲಾಗಲಿಲ್ಲ.

ಮೊನ್ನೆ ದಾರೋಗಾರ ಬೀಳ್ಕೊಡುಗೆಗೆ ಬಾಳೆಹಣ್ಣು ತರಲು ನಾನು ಕಂಪ್ಲಿಗೆ ಹೋಗಿದ್ದೆ. ಬುಟ್ಟಿಗಳನ್ನಿಟ್ಟುಕೊಂಡು ಸರದಿ ಕಾಯುವಾಗ, ಟ್ರಂಕು ಹೊರಿಸಿಕೊಂಡು ಗುರುಲಿಂಗಮ್ಮನವರು ಬಂದರು. ಹೊರಟು ನಿಂತ ಹರಿಗೋಲು ತುಂಬಿತ್ತು. ಮುದುಕಪ್ಪನಿಗೆ ಸಂತೋಷ ತಡೆಯದೆ, ‘ಬರ್ರಿ ಅವ್ವಾರ, ನಿಮ್ಮೊಬ್ಬರ ಭಾರಕ್ಕ ಏನಾಗತೈತಿ’ ಎಂದ. ಆ ತಾಯಿ ಬಗ್ಗಿ ಹರಿಗೋಲಿನ ಮಗ್ಗುಲು ನೋಡಿದರು.

‘ಗೆರಿಗೆ ನೀರ ಹತ್ತೈತಿ. ನೀ ನಡಿ, ನಾ ಮುಂದಿನ ಸರ್ತಿ ಬರ್ತೀನಿ’ ಎಂದು ಟ್ರಂಕಿನ ಮೇಲೆ ಕುಳಿತರು.

ಮುಂದಿನ ಸರದಿಯಲ್ಲಿ ನಾವು ದಾಟಿದೆವು. ಗಂಗಮ್ಮನ ಗುಡಿ ಬಂದಾಗ ಅವರು ಕುಳಿತೇ ಕೈಮುಗಿದರು. ಈಚೆ ದಂಡೆಯಲ್ಲಿ ಕೊಟ್ರಬಸಪ್ಪನವರು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಮುದುಕಪ್ಪ ಸುದ್ದಿ ಮೊದಲೇ ಮುಟ್ಟಿಸಿದ್ದ. ಹನ್ನೊಂದು ವರ್ಷದ ಮೇಲೆ ಈ ದಂಡೆಯಲ್ಲಿ ಹೆಂಡತಿಗೆ ಅವರು ಆಡಿದ ಮೊದಲ ಮಾತು ನನಗೆ ಕೇಳಿಸಿತು.

‘ಹುಷಾರಿ, ಮೆಟ್ಟಲ ಜಾರತಾವ.’

‘ಗೊತ್ತೈತಿ. ಕೈ ಕೊಡ್ರಿ’ ಎಂದರು ಗುರುಲಿಂಗಮ್ಮನವರು.

ಮಾನ್ಯರು ನೂರು ವರ್ಷ ಬಾಳಲಿ ಎಂದು ಉಳಿದವರು ಹಾರೈಸುತ್ತಾರೆ. ನಾನು ಗಂಗಮ್ಮನಲ್ಲಿ, ಕುಳಿತೇ ಕೈಮುಗಿದು, ಬೇಡುವುದು ಬೇರೆ: ಈ ದಂಡೆಯಲ್ಲಿ ಅವರು ಒಬ್ಬರೇ ಕುಳಿತು ಉಂಡ ಊಟಗಳಷ್ಟನ್ನಾದರೂ ಇಬ್ಬರೂ ಜೊತೆಗೆ ಉಣ್ಣುವಷ್ಟು ಆಯುಷ್ಯ ಅವರಿಗಿರಲಿ. ನಿವೃತ್ತಿಯ ನಂತರವೂ ಹೊಸ ಅಂಬಿಗರಿಗೆ ಕಲಿಸಲು ಅವರು ಒಪ್ಪಿದ್ದಾರೆ, ಬರುವ ದೀಪಾವಳಿಗೆ ಗೆರೆ ಬಳಿಯುವುದೂ ಅವರೇ. ಬಣ್ಣದ ಡಬ್ಬಿ ಹಿಡಿಯಲು ಈ ಸಲ ನಾನು ಬೇಕಾಗಿಲ್ಲವಂತೆ.